ಬದ್ಲಿ ಟೋಕನ್

ಭಾನುವಾರ ರಾತ್ರಿ ಹನ್ನೊಂದೂವರೆ.
ಆಸ್ಪತ್ರೆಯ ಬೆಂಚುಗಳು ಖಾಲಿ, ನೆಲದ ಫಿನಾಯಿಲು ಇನ್ನೂ ಆರಿಲ್ಲ.
ಮೆಟ್ಟಿಲ ಕೆಳಗಿನ ಗೂಡಿನಂಥ ಸರ್ವರ್ ರೂಮು,
ಮೊಣಕಾಲ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಮಂಡಕ್ಕಿ ಪೊಟ್ಟಣ.
ಎಣ್ಣೆಬೆರಳನ್ನು ದುಪಟ್ಟಾಕ್ಕೆ ಒರೆಸಿ ಒರೆಸಿ
ಒತ್ತುತ್ತೇನೆ ಒಂದೊಂದೇ ಕೀಲಿ.

ಇನ್ನೂರೈವತ್ತನಾಲ್ಕು ವಿಳಾಸ. ಇದ್ದದ್ದೇ ಅಷ್ಟು.
ನಲವತ್ತು ಹಾಸಿಗೆಯ ಕಾಲದಲ್ಲಿ ಯಾರೋ ಹಾಕಿದ ಲೆಕ್ಕ.
ಆಮೇಲೆ ಡಯಾಲಿಸಿಸ್ ಬಂತು, ಮೂರನೇ ಮಹಡಿ ಬಂತು,
ನರ್ಸುಗಳಿಗೆ ಟ್ಯಾಬು, ಮೂಲೆಮೂಲೆಗೆ ಕ್ಯಾಮೆರಾ,
ರೋಗಿಗೆ ನಾಲ್ಕು ಜನ ನೆಂಟರು, ನೆಂಟರಿಗೆಲ್ಲ ಫೋನು.
ಬೆಳಿಗ್ಗೆ ಹತ್ತಕ್ಕೆಲ್ಲ ಹಂಚುವ ಡಬ್ಬಿ ಬರಿದು.
ತಡವಾಗಿ ಬಂದ ಯಂತ್ರ ಕೂಗುತ್ತದೆ, ನನಗೊಂದು ಕೊಡಿ.
ಯಾರೂ ಓಗೊಡದಿದ್ದರೆ
ನೂರ ಅರವತ್ತೊಂಬತ್ತರಿಂದ ಶುರುವಾಗುವ ಅಂಕಿಯೊಂದನ್ನು
ತಾನೇ ಕಟ್ಟಿಕೊಂಡು ಕೂತುಬಿಡುತ್ತದೆ,
ಟಪಾಲು ಹೋಗದ ಊರಿನಲ್ಲಿ.

"ಲೈಟ್ ಉರಿಯಾಕತ್ತಿತ್ತು, ಯಾರು ಅಂತ ನೋಡಾಕ ಬಂದೆ."
ಟಾರ್ಚಿನ ಹಿಂದೆ ಪಾಲಾಕ್ಷಪ್ಪ.
ಈ ಕಾವಲಿಗೆ ಮುಂಚೆ ಹತ್ತಿ ಗಿರಣಿಯಲ್ಲಿ ಹನ್ನೊಂದು ವರ್ಷ ಬದ್ಲಿ.
ಮೆಣಸಿನಕಾಯಿ ಅರ್ಧ ಮುರಿದು ಕೊಟ್ಟೆ,
ಕೇಳಿದ್ದಕ್ಕೆ ಹೇಳಿದೆ: ಬಂದವರಿಗೆ ನಂಬರು ಕೊಡೋದು,
ಹೊತ್ತು ಮುಗಿದ ಮೇಲೆ ವಾಪಸ್ ಇಸ್ಕೊಳ್ಳೋದು.

"ಟೋಕನ್ ಅನ್ರಿ ಮತ್ತ.
ನಮ್ ಗೇಟಿನಾಗೂ ಹಂಗ. ಸೈರನ್ನಿಗೆ ಕಾಯಂ ಮಂದಿ ಒಳಗ,
ಅವರಾಗ ಎಷ್ಟು ಜನ ಬಂದಿಲ್ಲ, ಅಷ್ಟು ಹಿತ್ತಾಳಿ ಬಿಲ್ಲಿ ನಮಗ.
ಮೂವತ್ತು ಬಿಲ್ಲಿ, ನೂರು ಕೈ.
ಸಿಗದವ ಮನಿಗೆ ಹೋಗ್ತಿದ್ದಿಲ್ಲ ಮೇಡಂ.
ಬುತ್ತಿ ಹಿಡಕಂಡು ಹುಣಸಿಮರದ ಕೆಳಗ ಕುಂತಿರ್ತಿದ್ದ,
ಹೇಣ್ತಿಗೆ ಗೊತ್ತಾಗಬಾರ್ದಂತ, ಸಂಜಿ ಸೈರನ್ ಆಗಾತನಕ."

ನೂರ ಅರವತ್ತೊಂಬತ್ತು, ಅಂದುಕೊಂಡೆ. ಬಾಯಿ ಬಿಡಲಿಲ್ಲ.

ಶುಕ್ರವಾರವೇ ಗಡುವು ಇಳಿಸಿದ್ದೆ, ಎಂಟು ದಿನದಿಂದ ಒಂದು ಗಂಟೆಗೆ,
ಹಳೆಯದನ್ನು ಹಿಡಿದು ಯಾರೂ ಬಹಳ ಹೊತ್ತು ಕೂರದಂತೆ.
ಈಗ ಉಳಿದದ್ದು ಮಾಸ್ಕಿನ ಒಂದು ಸಾಲು:
ಮೂರನೇ ಇನ್ನೂರೈವತ್ತೈದು, ಇನ್ನೂರೈವತ್ತನಾಲ್ಕು ಆಗಬೇಕು.
ಒಂದು ಕಳೆ. ಕಳೆದರೆ ಎರಡರಷ್ಟು ಜಾಗ.
ಐನೂರ ಹತ್ತು.

"ಇಷ್ಟೇನಾ? ಒಂದಂಕಿ?"
ಪರದೆಯ ಮೇಲೆ ಟಾರ್ಚು ಬಿಟ್ಟು ಬಗ್ಗಿ ನೋಡಿದರು ಪಾಲಾಕ್ಷಪ್ಪ;
ಬೆಳಕಿನ ಮೇಲೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ.
ಗಿರಣಿ ಗೇಟಿನ ಆ ಅಂಕಿ ಯಾರ ಕೈಯಲ್ಲಿತ್ತು ಎಂದು
ಈಗ ಕೇಳುತ್ತಾರೆ ಎಂದುಕೊಂಡೆ.
ಕೇಳಿದ್ದು, ಮೆಣಸಿನಕಾಯಿ ಇನ್ನೊಂದು ಐತೇನು ಅಂತ.

ಹನ್ನೆರಡೂ ಹತ್ತಕ್ಕೆ ಲಾಗಿನ ಸಾಲುಗಳು ಹರಿಯತೊಡಗಿದವು.
ಯಾರಿದ್ದೀರಿ?
ನಾನಿದ್ದೇನೆ, ಇದು ಆಗಬಹುದೇ?
ಇದನ್ನೇ ಕೊಡಿ.
ತಗೋ.
ಹೊಸ ಸಾಲಿನ ಮೊದಲ ವಿಳಾಸ ಪಡೆದದ್ದು
ಹೆರಿಗೆ ವಾರ್ಡಿನಲ್ಲಿ ಯಾವುದೋ ಫೋನು.
ಹೆಸರು, ಕೊಟ್ರವ್ವ ಹರಪನಹಳ್ಳಿ.
ಈ ಹೊತ್ತಿನಲ್ಲೂ ಎದ್ದಿದ್ದಾಳೆ.

ಒಂದು ಗಂಟೆಗೆ ಲ್ಯಾಬಿನ ಪ್ರಿಂಟರು ಮೌನ ಹಿಡಿಯಿತು.
ಎಂದೋ ಯಾರೋ ಕೈಯಾರೆ ಬರೆದುಕೊಟ್ಟ ವಿಳಾಸ ಅದರದು,
ಕೇಳಿ ಪಡೆದದ್ದಲ್ಲ, ಮರಳಿಸಿದ್ದೂ ಇಲ್ಲ.
ಇನ್ನೂ ಹಳೆಯ ಮಾಸ್ಕಿನಲ್ಲೇ ನೋಡುತ್ತದೆ,
ಹೊಸ ಸಾಲಿನವರು ಅದರ ಪಾಲಿಗೆ ಪರವೂರು.

ಟಾರ್ಚು ಮುಂದೆ, ನಾನು ಹಿಂದೆ.
ಅದರ ಪುಟ್ಟ ಗುಂಡಿಗಳನ್ನು ಒತ್ತಿ ಒತ್ತಿ
ಐದನ್ನು ನಾಲ್ಕಕ್ಕಿಳಿಸುವಷ್ಟರಲ್ಲಿ ಹತ್ತು ನಿಮಿಷ.
"ಇದು ಕಾಯಂ ಆಳೇನು?"
ಹೂಂ ಅಂದೆ.
"ಹಂಗಾರ ಬಿಡ್ರಿ. ಬದ್ಲಿಯವರ ಕೂಡ ಮಾತಾಡಾಕ
ಸ್ವಲ್ಪ ಟೈಮ್ ತಗಂತತಿ."
ಬಿಸಿ ಕಾಗದವೊಂದನ್ನು ಉಗುಳಿತು ಪ್ರಿಂಟರು.
ಮಡಚಿ ಜೇಬಿಗಿಟ್ಟುಕೊಂಡರು, ಓದದೆ.