ಕೀೞೂರಿಗೊಂದು ಪ್ರಾಸ

ಐತಪ್ಪ ಮಾಸ್ತರರಿಗೆ ಮಾರ್ಚಿ ಕೊನೆಗೆ ಬೀಳ್ಕೊಡುಗೆ.
ಮಾನಪತ್ರದ ನೆತ್ತಿಗೆ ಒಂದು ಕಂದಪದ್ಯ ಬೇಕು,
ಬರೆಯುವ ಭಾರ ನನ್ನ ನೆತ್ತಿಗೆ.
ಪ್ರೆಸ್ಸಿನಲ್ಲಿ ಕರಡು ತಿದ್ದುವವನಿಗೆ
ಕಾಗುಣಿತ ಬಂದರೆ ಛಂದಸ್ಸೂ ಬರುತ್ತದೆಂದು
ಕಾಸರಗೋಡಿನ ನಂಬಿಕೆ.

ಮೊದಲ ಪಾದಕ್ಕೆ ಶಾಲೆಯಿರುವ ಊರೇ ಬಂತು: ಕೀೞೂರು.
ಬಂದು ಕೂತ ಮೇಲೆ ಎದೆ ಧಸಕ್ಕೆಂದಿತು.
ಎರಡನೆಯ ಅಕ್ಷರ ೞ.
ಕನ್ನಡ ಅದನ್ನು ಎಂದೋ ಬಾಯಿಂದ ಇಳಿಸಿ
ಳಕಾರದ ಮನೆಗೆ ದತ್ತು ಕೊಟ್ಟಾಗಿದೆ.

ಹೇಳುವುದೇನು, ಳ ಹಾಕಿ ಮುಗಿಸಬಹುದಿತ್ತು,
ಕೇಳುವವರಾರು ಈ ಕಾಲದಲ್ಲಿ?
ಆದರೆ ಎಂಟನೆಯ ಕ್ಲಾಸಿನಲ್ಲಿ ಇದೇ ಮಾಸ್ತರರು
ನನ್ನ ಗಲ್ಲ ಹಿಡಿದೆತ್ತಿ ಹೇಳಿದ್ದರು:
‘ನಾಲಗೆ ಹಿಂದಕ್ಕೆ ಮಡಚು. ಅಂಗುಳ ಮುಟ್ಟಬೇಡ.
ಮುಟ್ಟುವವನ ಹಾಗೆ ಹೋಗಿ, ಮುಟ್ಟದೆ ವಾಪಸು ಬಾ.’

ಏೞು ಸಿಕ್ಕಿತು. ಈ ವರ್ಷ ಉಳಿದ ಮಕ್ಕಳ ಲೆಕ್ಕ.
ಊೞಿಗ ಸಿಕ್ಕಿತು, ಮೂವತ್ತೊಂದು ವರ್ಷದ್ದು.
ನಾಲ್ಕನೆಯದಕ್ಕೆ ಬಾೞು ತಾನಾಗಿ ಬಂದು ಜಗಲಿಯಲ್ಲಿ ಕೂತಿತು;
ಊರ ಮಾನಪತ್ರಗಳಲ್ಲೆಲ್ಲ ‘ಬಾಳು ಬೆಳಗಲಿ’ ಎಂದು
ಉರಿದುರಿದು ಬತ್ತಿ ಕರಕಲಾದ ಪದ,
ಎಬ್ಬಿಸಿ ಕಳಿಸಿದೆ.
ಆಮೇಲೆ ಕೋೞಿ. ಅದನ್ನು
ಮಾನಪತ್ರದಲ್ಲಿ ಯಾವ ಕಂಬಕ್ಕೆ ಕಟ್ಟಲಿ?

ಭಾನುವಾರ ಚಂದ್ರಗಿರಿ ಹೊಳೆಯ ಅಳಿವೆಗೆ ಹೋದೆ.
ಇಳಿತದ ನೀರಲ್ಲಿ ಸೊಂಟದವರೆಗೆ ನಿಂತು
ಚಿರುತ ಮರುವಾಯಿ ಬಾಚುತ್ತಿದ್ದಳು.
ಪದ ಹುಡುಕುತ್ತ ಮುಂಡು ಎತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟೆನೋ ಏನೋ,
ಅವಳು ಬುಟ್ಟಿಯಿಂದ ತಲೆ ಎತ್ತದೆ ಕೂಗಿದಳು:
‘ಬೇಂಡ ಮಾಷೇ, ಆಡೆ ಆಯಂ ಇಂಡ್!’

ಆಯಂ. ಆೞ.
ಹಳಗನ್ನಡದ್ದೇ, ಅರೆಪಾವು ಉಪ್ಪುನೀರು ಕುಡಿದು
ಯಕಾರವಾಗಿ ದಡ ಹತ್ತಿದೆ.
ಬುಕ್ಕಿನ ಮಲಯಾಳದಲ್ಲಿ ಉಳಿದ ೞ
ಇವಳ ಬಾಯಲ್ಲೂ ಇಲ್ಲ.
ನಾವು ಒಂದು ದಿಕ್ಕಿಗೆ ಕಳೆದೆವು, ಇವರು ಇನ್ನೊಂದು ದಿಕ್ಕಿಗೆ.
ಮೊಣಕಾಲು ನೀರಲ್ಲಿ ನಿಂತೇ
ನಾಲ್ಕನೆಯ ಪಾದ ಮುಗಿಸಿದೆ.

ಸೋಮವಾರ ಡಿಟಿಪಿಯ ಪ್ರಜಿತ್ ಕರೆದ:
‘ಸಾರ್, ಈ ಅಕ್ಷರ ನಮ್ಮ ಫಾಂಟಿನಲ್ಲಿ ಇಲ್ಲ,
ಡಬ್ಬಿ ಬರ್ತದೆ.’
ನೋಡಿದೆ. ನಾಲ್ಕು ಪಾದಕ್ಕೆ ನಾಲ್ಕು ಖಾಲಿ ಡಬ್ಬಿ.
ಜನ್ಮದಲ್ಲಿ ಮೊದಲ ಸಲ
ಪ್ರಾಸ ಕಣ್ಣಿಗೆ ಕಂಡಿತ್ತು.
ಳ ಹಾಕಲಾ ಎಂದ.
ಕರಡು ತಿದ್ದುವ ಕೆಂಪು ಪೆನ್ನು ಕೈಯಲ್ಲೇ ಇತ್ತು.
ಇರಲಿ ಬಿಡು ಎಂದೆ.

ಓದಿದವಳು ಏಳನೆಯ ಕ್ಲಾಸಿನ ಮಿಸ್ರಿಯಾ.
ಮೊದಲ ಡಬ್ಬಿಗೆ ಒಂದು ಉಸಿರು ನಿಂತಳು.
ಅದು ಅವಳ ಊರಲ್ಲವೇ, ಮನೆಯಲ್ಲಿ ಅನ್ನುವ ಹಾಗೇ ಅಂದಳು:
ಕೀಯೂರು.
ಮತ್ತೆ ಎಲ್ಲೂ ನಿಲ್ಲಲಿಲ್ಲ.
ಏಯು ಮಕ್ಕಳು, ಊಯಿಗ, ಆಯ,
ಅದೇ ಸದ್ದನ್ನು ಡಬ್ಬಿ ಡಬ್ಬಿಗೂ ತುಂಬುತ್ತ ಇಳಿದಳು.

ಸಭೆ ಚಪ್ಪಾಳೆ ತಟ್ಟಿತು, ಚಾ ಬಂತೆಂದೋ ಏನೋ.
ನಾನು ಮಾಸ್ತರರ ಕೈ ನೋಡುತ್ತಿದ್ದೆ.
ತೊಡೆಯ ಮೇಲೆ ಮಾತ್ರೆ ಎಣಿಸುತ್ತಿದ್ದ ಬೆರಳು
ತಿದ್ದಲು ಮೇಲೇಳಲಿಲ್ಲ.