ಬಿಳಿ ಚಿಟ್ಟೆ, ಎರಡು

ಪುಸ್ತಕದ ನಲವತ್ತೊಂದನೇ ಪುಟದಲ್ಲಿ
ಎರಡು ಬಿಳಿ ಚಿಟ್ಟೆ, ಕೆಳಗೆ ಎರಡು ಹೆಸರು.
ಹೆಸರು ಅದಲುಬದಲಾದರೂ
ಚಿತ್ರ ಚಕಾರವೆತ್ತದು.

ಸ್ಲೊವೇನಿಯಾದ ಅಂಚು. ಸುಣ್ಣಕಲ್ಲಿನ ಹುಲ್ಲುಗಾವಲು, ಮೇ ತಿಂಗಳು.
ಮೋಟುಗೋಡೆಯಾಚೆ ಇಟಲಿ.
ಮಿಲೊಯ್ಕಾ ಮುಂದೆ, ಬಲೆ ಹಿಡಿದು ನಾನು ಹಿಂದೆ.
ಮೂವತ್ತೆರಡು ವರ್ಷ ಈ ಊರುಗಳಿಗೆ ಅಂಚೆ ಹಂಚಿದವಳು;
ಒಂದೇ ಓಣಿಯಲ್ಲಿ ಮೂವರು ಆಲ್ಬಿನ್ ಗುಲಿಚ್,
ಲಕೋಟೆ ತಿರುವಿದರೆ ಸಾಕು, ಹೇಳುತ್ತಿದ್ದಳಂತೆ:
ಇದು ಕಮ್ಮಾರನಿಗೆ, ಇದು ಜೇನಿನವನಿಗೆ,
ಇದು ತೀರಿಹೋದವನಿಗೆ.

ಹಾಗಾದರೆ ಇದು?
ಬಲೆಯೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳು ಜೀವ,
ರೆಕ್ಕೆತುದಿಗೆ ಬೂದಿ ಮೆತ್ತಿದ ಬೆರಳ ಗುರುತು.
ಮಸೂರವಿಟ್ಟು ನೋಡಿದೆವು. ಗುರುತು ದುಂಡೋ, ಚೌಕವೋ?
ದುಂಡೇ, ತುಸು ಚೌಕ.
ಚೌಕವೇ, ತುಸು ದುಂಡು.

ಖಚಿತವಾಗಬೇಕೆಂದರೆ ದಾರಿ ಒಂದೇ:
ಕೊಂದು, ಹೊಟ್ಟೆಯ ತುದಿ ಬಗೆದು
ಸೂಕ್ಷ್ಮದರ್ಶಕದಡಿ ಕೂದಲೆಳೆ ಅಳೆಯುವುದು.
ಸೀಸೆ ನನ್ನ ಚೀಲದಲ್ಲೇ ಇತ್ತು.
ಮಿಲೊಯ್ಕಾ ಅದನ್ನು ನೋಡಿದಳು,
ಅಂಚೆಚೀಟಿ ಹಚ್ಚದ ಲಕೋಟೆಯನ್ನು ನೋಡುವಂತೆ.

'ನನ್ನಜ್ಜನ ಹೆಸರಿನ ಬಾಲವನ್ನು
ಒಬ್ಬ ಗುಮಾಸ್ತ ಬಂದು ಕತ್ತರಿಸಿದ,
ಇಟಲಿಯ ಬಾಲ ಹೊಲಿದ. ಸಹಿ ಹಾಕಿಸಿಕೊಂಡ.
ಸಂಜೆ ಅಜ್ಜ ಕೊಟ್ಟಿಗೆಗೆ ಹೋಗಿ ಕೆಮ್ಮಿದರೆ
ಹಸು ಎಂದಿನಂತೆ ತಲೆಯೆತ್ತಿತಂತೆ.'

ಬಲೆ ಮಗುಚಿದೆ.
ಹಾರಿದ್ದು ಹತ್ತೇ ಮಾರು. ಹುಲ್ಲುಕುಡಿಯ ಮೇಲೆ
ಕೂತಿದ್ದಳು ಇನ್ನೊಬ್ಬಳು, ಅಷ್ಟೇ ಬಿಳಿ.
ಇವನು ಎದುರು ಕೂತ, ಮುಖಕ್ಕೆ ಮುಖ;
ಸುರುಳಿ ನಾಲಿಗೆ ಬಿಚ್ಚಿ ಎಡಕ್ಕೆ, ಬಲಕ್ಕೆ, ಎಡಕ್ಕೆ
ಬೀಸತೊಡಗಿದ, ಗೋಡೆಗಡಿಯಾರದ ಲೋಲಕ.
ತನ್ನವಳೋ ಅಲ್ಲವೋ, ಇವನಿಗೂ ತಿಳಿಯದಂತೆ;
ಬೆಳ್ಳಗಿದ್ದವರೆದುರೆಲ್ಲ ಇದೇ ಅರ್ಜಿ.
ನಾಲ್ಕು ನಿಮಿಷ. ಏಳು.
ನನ್ನ ಮೊಣಕಾಲಿಗೆ ಕಲ್ಲು ಒತ್ತಿ ಜೋಮು ಹಿಡಿಯಿತು.

ಹುಲ್ಲಿನ ಮೇಲಿನವಳು ಏನನ್ನೋ ಓದಿದಳು,
ವಾಸನೆಯನ್ನೋ, ಬೀಸುವ ತಾಳವನ್ನೋ,
ಯಾವ ಪುಟದಲ್ಲೂ ಅಚ್ಚಾಗದ ಒಂದು ಅಕ್ಷರವನ್ನೋ.
ಎದ್ದಳು. ಗೋಡೆ ದಾಟಿದಳು. ಇಟಲಿಗೆ ಹೋದಳು.

'ತಪ್ಪು ವಿಳಾಸ,' ಅಂದಳು ಮಿಲೊಯ್ಕಾ,
ಠಸ್ಸೆ ಒತ್ತಿದ ಹಾಗೆ.

ಅವನು ಇನ್ನೂ ಬೀಸುತ್ತಲೇ ಇದ್ದ,
ಖಾಲಿ ಕುಡಿಗೆ.

ಆ ದಿನದ ಪಟ್ಟಿಯಲ್ಲಿ ಬರೆದೆ:
ಬಿಳಿ ಚಿಟ್ಟೆ, ಎರಡು. ಜಾತಿ ಬೇರೆ.
ರಾತ್ರಿ ಅದರ ಪಕ್ಕಕ್ಕೆ, ಪೆನ್ಸಿಲಿನಲ್ಲಿ:
ಅಥವಾ ಅವಳಿಗೆ
ಇವತ್ತು ಮನಸ್ಸಿರಲಿಲ್ಲ.