ಪಟ್ಟಿ ಬದಲಿಸುವ ಹೊತ್ತು

"ಅಲೆಗಳನ್ನು ನೆನೆಯಿರಿ" ಅಂದಳು ನರ್ಸ್ ಸೊಲೆನ್.
"ಬೇಡ ತಾಯಿ," ಅಂದ ಗೂಲ್ವೆನ್,
"ಟ್ರಾಲರ್‌ನಲ್ಲಿ ನಲವತ್ತು ವರ್ಷ ಕಕ್ಕಿದವ ನಾನು.
ಅತ್ತೆಯ ಬೇಕರಿಗೆ ಕರಕೊಂಡು ಹೋಗು."

ಬ್ರೆಸ್ಟ್ ಬಂದರಿನ ಆಸ್ಪತ್ರೆ. ಕಾಲಿನ ಹುಣ್ಣಿಗೆ
ಅವನ ಮೊಮ್ಮಗಳಷ್ಟೇ ವಯಸ್ಸು: ಮೂರು.

ಅವಳ ದನಿ ಇಳಿಯಿತು, ಮೆಟ್ಟಿಲು ಮೆಟ್ಟಿಲಾಗಿ.
ಬೆಳಗಿನ ನಾಲ್ಕು. ಒದ್ದೆ ಬಟ್ಟೆಯಡಿ ಹಿಟ್ಟು ಉಬ್ಬುತ್ತಿದೆ.
ಯಾರೋ ಬಟ್ಟೆ ಸರಿಸುತ್ತಾರೆ, ಮೆಲ್ಲಗೆ,
ಅಂಟಿದ್ದು ಬಿಡುತ್ತದೆ.

ಇಕ್ಕಳದ ಸದ್ದು ಅವನಿಗೆ ತಟ್ಟೆಯ ಸದ್ದು.
ನೋವು ಇದೆ, ಹೊರಗೆ,
ಅಂಗಡಿ ತೆರೆಯಲೆಂದು
ಚಳಿಯಲ್ಲಿ ಕಾಯುವ ಗಿರಾಕಿಯ ಹಾಗೆ.

ಹೊಸ ಪಟ್ಟಿ ಸುತ್ತಿ ಎಣಿಸಿದಳು: ಒಂದು, ಎರಡು, ಮೂರು.
ಕಣ್ಣು ಬಿಟ್ಟ. ಗಿರಾಕಿ ಒಳಗೆ ಬಂದ.

"ನಾಡಿದ್ದು," ಅಂದ, ಹಲ್ಲು ಕಚ್ಚಿ,
"ಒಲೆಗೆ ಇನ್ನೊಂದು ಸೌದೆ ಇಡು."